ಒಡವೆ ತೊಳೆದ ನೀರು

ಮನೆಯಿಂದ, ಅಡುಗೆಮನೆಯ ಮೇಜು
ತಾರೀಖು ಹದಿನೇಳು, ಭಾನುವಾರ ಮಧ್ಯಾಹ್ನ

ನನ್ನ ಮುದ್ದಿನ ಸೊಸೆಗೆ,

ನಿನ್ನ ಅತ್ತೆ ಎರಡೂ ಕೈಗಳನ್ನು ನಿನ್ನ ತಲೆಯ ಮೇಲಿಟ್ಟು ಹರಸಿ ಬರೆಯುವ ಕಾಗದ. ಎರಡೂ ಕೈ ಅಲ್ಲಿಟ್ಟರೆ ಪೆನ್ನು ಹಿಡಿಯೋರು ಯಾರು ಎಂದು ನಿನ್ನ ಮಾವ ಪಕ್ಕದಲ್ಲಿ ಕೂತು ಕೊಂಕು ತೆಗೆಯುತ್ತಿದ್ದಾರೆ. ಸರಿ, ಒಂದು ಕೈ ಎಂದು ತಿಳಿದುಕೋ. ಹೇಗಿದ್ದೀಯ ಮಗೂ? ರಾತ್ರಿ ಪಾಳಿ ಮುಗಿಯಿತೇ, ಹೊತ್ತಿಗೆ ಸರಿಯಾಗಿ ನಿದ್ದೆ ಮಾಡುತ್ತಿದ್ದೀಯಾ? ವಾರ್ಡಿನಲ್ಲಿ ನಿಂತು ನಿಂತು ಕಾಲು ಊದುತ್ತದೆ ಎಂದಿದ್ದೆಯಲ್ಲ, ಮಲಗುವಾಗ ಕಾಲ ಕೆಳಗೆ ದಿಂಬು ಇಟ್ಟುಕೋ. ನರ್ಸಿಗೇ ಬುದ್ಧಿ ಹೇಳುತ್ತಾಳೆ ನೋಡು ಎಂದು ನಗಬೇಡ. ನಿನ್ನ ಜೊತೆ ರೂಮಿನಲ್ಲಿರುವ ಉದ್ದಜಡೆಯ ಹಲ್ಲುನೋವು ಹೇಗಿದೆ? ಕೀಳಿಸಿಕೊಂಡಳೋ, ಇನ್ನೂ ಲವಂಗ ಕಚ್ಚಿಕೊಂಡೇ ಓಡಾಡುತ್ತಿದ್ದಾಳೋ? ಕೆಳಗಿನ ಮನೆಯ ಗೊಣಗಜ್ಜಿಯ ಮಂಡಿ ಹೇಗಿದೆ? ಗೊಣಗುತ್ತಿದ್ದಾರೆ ಎಂದರೆ ಚೆನ್ನಾಗಿದ್ದಾರೆ ಎಂದೇ ಲೆಕ್ಕ, ಸುಮ್ಮನಾದ ದಿನ ನೀನು ಇಳಿದು ಹೋಗಿ ನೋಡು.

ಇಲ್ಲಿ ನಾವು ಚೆನ್ನಾಗಿದ್ದೇವೆ. ನಿನ್ನ ಮಾವನ ಬಿಪಿ ಹದ್ದುಬಸ್ತಿನಲ್ಲಿದೆ, ಬಾಯಿ ಮಾತ್ರ ಇಲ್ಲ. ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದು ಹೇಳುತ್ತಿದ್ದರೆ ಇವರು ಡಾಕ್ಟರ ಕೋಣೆಯ ಕೈತೊಳೆಯುವ ನಲ್ಲಿಯನ್ನೇ ನೋಡುತ್ತ ಕೂತಿದ್ದು, ಕೊನೆಗೆ ‘ಅದರ ವಾಷರ್ ಹೋಗಿದೆ ಡಾಕ್ಟ್ರೇ, ನೋಡ್ಕೊಳ್ಳಿ’ ಎಂದು ಬುದ್ಧಿ ಹೇಳಿ ಬಂದರು. ಕೊಳಾಯಿ ಕೆಲಸ ಬಿಟ್ಟು ಎಷ್ಟು ವರ್ಷವಾದರೇನು, ಕಣ್ಣು ಪೈಪಿನ ಮೇಲೇ. ನನಗೆ ಹೊಸ ಕನ್ನಡಕ ಬಂದಿದೆ. ಇಷ್ಟು ದಿನ ಇಲ್ಲದ ಬಿರುಕುಗಳೆಲ್ಲ ಗೋಡೆಯ ಮೇಲೆ ಈಗ ಇವೆ. ಇನ್ನೊಬ್ಬರ ಆರೋಗ್ಯವನ್ನೂ ಕೇಳಬೇಕು. ಮರೆತಿಲ್ಲ, ಅದಕ್ಕೆ ಬರುತ್ತೇನೆ, ತಾಳು.

ನಿನ್ನ ಕಾಗದ ಮಂಗಳವಾರ ಬಂತು. ಪುಟಗಟ್ಟಲೆ ಆಸ್ಪತ್ರೆಯ ಸುದ್ದಿ, ಗುಂಡುಗುಂಡಾದ ಅಕ್ಷರ. ಕೊನೆಯ ಕೆಲವು ಸಾಲು ಮಾತ್ರ ಇರುವೆಗಳು ಮೆರವಣಿಗೆ ಹೊರಟ ಹಾಗೆ. ಹೊಸ ಕನ್ನಡಕದ ವಿಷಯ ನಿನಗೆ ಗೊತ್ತಿರಲಿಲ್ಲ, ಪಾಪ. ಎಲ್ಲ ಓದಿದೆ. ನಿಮ್ಮ ಆಸ್ಪತ್ರೆಯಲ್ಲಿ ಆಂಬುಲೆನ್ಸ್ ಓಡಿಸುವವರು ನಿನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದಾರೆ, ನೀನು ಇನ್ನೂ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ ಎಂದು ಬರೆದಿದ್ದೀಯ. ಅದರ ಬೆನ್ನಿಗೇ ಇನ್ನೊಂದು ಮಾತು: ‘ನನ್ನ ಒಡವೆ ಡಬ್ಬಿ ನಿಮ್ಮ ಹತ್ರಾನೇ ಇದೆಯಲ್ಲ ಅತ್ತೆ, ಅದನ್ನ ನಾದಿನಿಗೆ ಕೊಟ್ಟುಬಿಡಿ. ಅದೆಲ್ಲ ನಿಮ್ಮ ಮನೇದು. ಇನ್ನು ನಾನು ಇಟ್ಕೊಳ್ಳೋದು ಸರಿಯಲ್ಲ.’ ಮೊದಲನೆಯ ಮಾತು ಓದಿದಾಗ ನನ್ನ ಎದೆ ಒಂದು ಸಲ ಧಸಕ್ಕೆಂದಿತು, ಸುಳ್ಳು ಯಾಕೆ ಹೇಳಲಿ. ಒಂದು ಲೋಟ ನೀರು ಕುಡಿದೆ, ಸರಿಹೋಯಿತು. ಎರಡನೆಯ ಮಾತು ಮಾತ್ರ ಇನ್ನೂ ಗಂಟಲಲ್ಲೇ ಇದೆ. ನಮ್ಮ ಹುಡುಗ ಹೋಗಿ ನಾಲ್ಕು ವರ್ಷವಾಯಿತು. ಇಷ್ಟು ದಿನದಲ್ಲಿ ಒಂದು ಕಾಗದದಲ್ಲೂ ನೀನು ‘ನಿಮ್ಮ ಮನೆ’ ಎಂದು ಬರೆದವಳಲ್ಲ. ‘ನಮ್ಮನೆ ನಲ್ಲಿ ಸೋರೋದು ನಿಂತಿತಾ’, ‘ನಮ್ಮನೆ ಗುಲಾಬಿ ಮೊಗ್ಗು ಬಿಟ್ಟಿತಾ’ ಎಂದೇ ಕೇಳಿಕೊಂಡು ಬಂದವಳು. ಅವರಿಗೆ ಹೂಂ ಅನ್ನುವುದಕ್ಕೆ ಮೊದಲು ನಮಗೆ ಉಹೂಂ ಅನ್ನಬೇಕು ಎಂದು ನಿನಗೆ ಹೇಳಿಕೊಟ್ಟವರು ಯಾರು?

ಕಾಗದವನ್ನು ನಿನ್ನ ಮಾವನಿಗೆ ಗಟ್ಟಿಯಾಗಿ ಓದಿದೆ. ಎದ್ದು ಸ್ಪ್ಯಾನರ್ ಹುಡುಕಿಕೊಂಡು ಹೋಗಿ, ಸೋರದೇ ಇರುವ ಬಚ್ಚಲ ನಲ್ಲಿಯನ್ನು ಬಿಗಿ ಮಾಡಿದರು. ಈಗ ಅದನ್ನು ತಿರುಗಿಸಲು ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಲ್ಲಬೇಕು. ನಮ್ಮ ಹುಡುಗ ತೀರಿಕೊಂಡ ವಾರವೂ ಮನೆಯ ನಲ್ಲಿಗಳನ್ನೆಲ್ಲ ಹೀಗೇ ಬಿಗಿ ಮಾಡಿದ್ದರು, ನಿನಗೆ ನೆನಪಿರಬೇಕು. ನೀನೇ ಅಲ್ಲವೇ ಒಂದೊಂದಾಗಿ ಸಡಿಲ ಮಾಡಿದ್ದು, ಅವರಿಗೆ ಗೊತ್ತಾಗದ ಹಾಗೆ.

ನಿನ್ನ ನಾದಿನಿಗೆ ಫೋನು ಮಾಡಿ ನೀನು ಹೀಗೆ ಬರೆದಿದ್ದೀಯ ಎಂದೆ. ಅವಳು ಏನಂದಳು ಗೊತ್ತಾ? ‘ಅತ್ತಿಗೆ ಒಡವೆ ನನಗ್ಯಾಕಮ್ಮಾ? ನಂದನ್ನ ಒರೆಸಿಡೋಕೇ ಪುರುಸೊತ್ತಿಲ್ಲ. ಅವಳಿಗೇನು ತಲೆ ಕೆಟ್ಟಿದೆಯಾ? ಕೊಡು ನಂಬರು, ನಾನೇ ಉಗಿತೀನಿ.’ ನಂಬರು ಅವಳ ಫೋನಿನಲ್ಲೇ ಇದೆ, ಸಿಟ್ಟು ಬಂದಾಗ ಅದೂ ಕಾಣುವುದಿಲ್ಲ. ಬೇಡ, ನಾನು ಬರೆಯುತ್ತೇನೆ ಎಂದೆ. ಫೋನಿನಲ್ಲಾದರೆ ನೀನು ‘ಚೆನ್ನಾಗಿದೀನಿ ಅತ್ತೆ, ಡ್ಯೂಟಿಗೆ ಹೊತ್ತಾಯ್ತು’ ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ನಡುವೆ ಇಡುವುದಕ್ಕಾಗುವುದಿಲ್ಲ. ಕೂತು ಓದಲೇಬೇಕು.

ಕೊಡುವುದೋ ಬಿಡುವುದೋ ಆಮೇಲಿನ ಮಾತು, ಮೊದಲು ತೊಳೆದಿಡೋಣ ಎಂದು ಗುರುವಾರ ಬೆಳಿಗ್ಗೆ ನಿನ್ನ ಒಡವೆಗಳಿದ್ದ ಬಿಸ್ಕತ್ತಿನ ಡಬ್ಬಿಯನ್ನು ಬೀರುವಿನಿಂದ ಇಳಿಸಿದೆ. ನೀನು ಆಸ್ಪತ್ರೆಯ ಕೆಲಸಕ್ಕೆ ಹೊರಟ ದಿನ ‘ಅಲ್ಲಿ ಇದ್ಯಾವುದನ್ನೂ ಹಾಕಿಕೊಳ್ಳೋ ಹಾಗಿಲ್ಲ ಅತ್ತೆ, ಹಾಕಿಕೊಳ್ಳೋ ಮನಸ್ಸೂ ಇಲ್ಲ’ ಎಂದು ನನ್ನ ಕೈಗೆ ಕೊಟ್ಟಿದ್ದೆ. ಅಂದಿನಿಂದ ಮುಚ್ಚಳ ತೆಗೆದಿರಲಿಲ್ಲ. ಕಿಟಕಿಯ ಬಳಿ ಮೇಜಿನ ಮೇಲೆ ಹಳೆಯ ಟವೆಲು ಹಾಸಿದೆ, ಏನಾದರೂ ಕೈಜಾರಿದರೆ ಪುಟಿದು ಹೋಗಬಾರದು ಎಂದು. ಎರಡು ಬಟ್ಟಲು ಇಟ್ಟುಕೊಂಡೆ. ಒಂದರಲ್ಲಿ ಕೂಸಿಗೆ ಸ್ನಾನ ಮಾಡಿಸುವಷ್ಟೇ ಬೆಚ್ಚಗಿನ ನೀರು, ಅದಕ್ಕೆ ಪಾತ್ರೆ ತೊಳೆಯುವ ಸೋಪಿನ ನಾಲ್ಕು ಹನಿ. ಇನ್ನೊಂದರಲ್ಲಿ ಬರೀ ನೀರು. ಮಕ್ಕಳು ಹಲ್ಲುಜ್ಜುವ ಮೆತ್ತನೆಯ ಬ್ರಷ್ಷು. ನಿನ್ನ ಮಾವ ಬಂದು ನೋಡಿ, ‘ಇದಕ್ಕೆಲ್ಲ ಇಷ್ಟು ಸಂಭ್ರಮ ಯಾಕೆ? ಪೈಪು ಉಜ್ಜೋ ಪುಡಿ ತರ್ತೀನಿ ಇರು, ಒಂದೇ ಉಜ್ಜು, ಪಳಪಳ’ ಎಂದರು. ಆ ಪುಡಿಯಲ್ಲಿ ಅವರು ಉಜ್ಜಿದ ಸಿಂಕು ಇವತ್ತಿಗೂ ಬೆಕ್ಕು ಪರಚಿದ ಹಾಗಿದೆ. ‘ಹಾಗಾದ್ರೆ ಟೂತ್‌ಪೇಸ್ಟ್?’ ಎಂದರು. ‘ಅದರಲ್ಲಿ ಉಜ್ಜಿ ಉಜ್ಜಿ ನನ್ನ ಹಲ್ಲೇ ಸವೆದಿದೆ, ಚಿನ್ನ ಉಳಿಯುತ್ತಾ? ನೀವು ಹೋಗಿ ಪೇಪರ್ ಓದಿ’ ಎಂದು ಕಳಿಸಿದೆ. ಹೋಗಲಿಲ್ಲ. ಪೇಪರನ್ನೇ ತಂದು ಎದುರಿಗೆ ಕೂತರು. ಒಂದು ಪುಟವನ್ನೂ ಮಗುಚಲಿಲ್ಲ.

ಮೊದಲು ಮುತ್ತಿನ ಸರ ತೆಗೆದೆ. ಮುತ್ತನ್ನು ನೀರಿನಲ್ಲಿ ಮುಳುಗಿಸಬಾರದು ಮಗೂ, ದಾರ ನೆನೆದು ಸೊರಗುತ್ತದೆ. ಹಿಂಡಿದ ಒದ್ದೆ ಬಟ್ಟೆಯಲ್ಲಿ ಒಂದೊಂದೇ ಮುತ್ತನ್ನು ಕೆನ್ನೆ ಒರೆಸುವ ಹಾಗೆ ಒರೆಸಿ, ನೇತುಹಾಕದೆ ಟವೆಲಿನ ಮೇಲೆ ಮಲಗಿಸಿದೆ. ಕೊಂಡಿಯ ಪಕ್ಕದ ಮುತ್ತು ಸ್ವಲ್ಪ ಮಂಕಾಗಿದೆ. ಸೆಂಟು ಹಾಕಿಕೊಂಡು ಅದು ಆರಿದ ಮೇಲೆ ಮುತ್ತು ಹಾಕು ಎಂದು ಎಷ್ಟು ಸಲ ಹೇಳಿದ್ದೆ, ನೀನು ಮೊದಲು ಮುತ್ತು ಹಾಕಿಕೊಂಡು ಅದರ ಮೇಲೇ ಬುಸ್ಸೆನ್ನಿಸುತ್ತಿದ್ದೆ. ಬೆಳ್ಳಿ ಸರವಂತೂ ಕಲ್ಲಿದ್ದಲ ಬಣ್ಣ. ಯಾಕೆ ಎಂದು ನೋಡಿದರೆ ಸಿಕ್ಕಾಗದಿರಲಿ ಎಂದು ನೀನು ರಬ್ಬರ್ ಬ್ಯಾಂಡು ಸುತ್ತಿಟ್ಟಿದ್ದೀಯ. ರಬ್ಬರಿಗೂ ಬೆಳ್ಳಿಗೂ ಆಗಿಬರುವುದಿಲ್ಲ, ಅತ್ತಿಗೆ ನಾದಿನಿಯರ ಹಾಗೆ. ನಿಮ್ಮಿಬ್ಬರ ಹಾಗಲ್ಲ, ಬೇರೆಯವರ ಮನೆಯವರ ಹಾಗೆ. ಅದಕ್ಕೆ ಬೇರೆ ಪಾತ್ರೆಯಲ್ಲಿ ಊಟ ಸುತ್ತುವ ಹೊಳಪಿನ ಹಾಳೆ ಹಾಸಿ, ಅಡುಗೆ ಸೋಡಾ ಉದುರಿಸಿ, ಬಿಸಿನೀರು ಸುರಿದೆ. ಕೆಟ್ಟ ಮೊಟ್ಟೆಯ ವಾಸನೆ ಬಂತು, ಸರದ ಕಪ್ಪೆಲ್ಲ ಹಾಳೆಗೆ ಹತ್ತಿತು. ಇದನ್ನು ನಾನು ಕಲಿತದ್ದು ಒಂದು ಪೊಟ್ಟಣದ ಕಾಗದದಲ್ಲಿ. ನಿನಗೆ ಗೊತ್ತಲ್ಲ, ನಾನು ಓದಿದ್ದೆಲ್ಲ ಅಂಗಡಿಯವರು ಸಾಮಾನು ಕಟ್ಟಿಕೊಟ್ಟ ಹಾಳೆಗಳಲ್ಲೇ. ಅರ್ಧಕ್ಕೆ ಹರಿದಿರುತ್ತಿದ್ದವು, ಉಳಿದರ್ಧವನ್ನು ಕೈಯಿಂದ ಮಾಡಿ ಕಲಿತೆ. ಆ ಸೋಡಾ ನೀರನ್ನು ಸಿಂಕಿಗೆ ಚೆಲ್ಲಿದೆ. ಇದನ್ನು ನೆನಪಿಟ್ಟುಕೋ, ಮುಂದೆ ಇದರಿಂದಲೇ ಎಲ್ಲ ಗೋಳು.

ನಿನ್ನ ಓಲೆಗಳನ್ನೂ ತೊಳೆದು, ಉಂಗುರವನ್ನು ಕೊನೆಗೆ ಉಳಿಸಿಕೊಂಡಿದ್ದೆ. ಆ ಕೆಂಪು ಕಲ್ಲಿನ ಕತೆ ನಿನಗೆ ಗೊತ್ತೇ ಇದೆ. ನನ್ನ ಅಮ್ಮನ ಕಿವಿಯಲ್ಲಿತ್ತು. ಓಲೆ ಒಂದು ಕಳೆದುಹೋಗಿ ಇನ್ನೊಂದು ಒಂಟಿಯಾಗಿ ನನ್ನ ಪೆಟ್ಟಿಗೆಯಲ್ಲಿ ಬಿದ್ದಿತ್ತು. ನಮ್ಮ ಹುಡುಗ ನಿನ್ನನ್ನು ಕೇಳುವುದಕ್ಕೆ ಮುಂಚೆ ನನ್ನನ್ನು ಬಂದು ಕೇಳಿದ, ‘ಅಮ್ಮಾ, ಆ ಕಲ್ಲು ಕೊಡ್ತೀಯಾ, ಒಬ್ಬರಿಗೆ ಉಂಗುರ ಮಾಡಿಸಬೇಕು’ ಎಂದು. ಒಬ್ಬರಿಗೆ ಅಂತೆ! ಅವನ ಸೈಕಲ್ ಅಂಗಡಿಗೆ ಪಂಕ್ಚರೇ ಇಲ್ಲದ ಸೈಕಲ್ಲನ್ನು ದಿನಾ ತಳ್ಳಿಕೊಂಡು ಬರುವವಳು ಯಾರು ಎಂದು ಬೀದಿಗೆಲ್ಲ ಗೊತ್ತಿತ್ತು. ಆ ಉಂಗುರವನ್ನು ನೀನು ಹಿಟ್ಟು ಕಲಸುವಾಗಲೂ ತೆಗೆಯುತ್ತಿರಲಿಲ್ಲ, ಬಟ್ಟೆ ಒಗೆಯುವಾಗಲೂ ತೆಗೆಯುತ್ತಿರಲಿಲ್ಲ. ಕಲ್ಲಿನ ಹಿಂದೆ ಹಿಟ್ಟು, ಸೋಪು, ಕೈಗೆ ಹಚ್ಚುವ ಕ್ರೀಮು ಎಲ್ಲ ಸೇರಿ ಗಟ್ಟಿಯಾಗಿ ಕೂತಿತ್ತು. ಅವನ ಅಂಗಡಿಯ ಗ್ರೀಸೂ ಇತ್ತು ಎಂದೇ ನನ್ನ ನಂಬಿಕೆ. ಸಂಜೆ ಬಂದವನೇ ಕೈ ತೊಳೆಯದೆ ನಿನ್ನ ಕೈ ಹಿಡಿದು, ‘ಈಗ ಬೈ ನೋಡೋಣ’ ಎನ್ನುತ್ತಿದ್ದನಲ್ಲ. ಬ್ರಷ್ಷು ಹಿಡಿದ ಕೈ ಅಲ್ಲಿ ಒಂದು ಗಳಿಗೆ ನಿಂತಿತು. ಉಜ್ಜಬೇಕೋ ಬೇಡವೋ ಎನ್ನಿಸಿತು. ಆಮೇಲೆ, ಇದೇನು ಹುಚ್ಚು, ಕೊಳೆ ಕೊಳೆಯೇ ಎಂದು ಬೈದುಕೊಂಡು, ನೆನೆಸಿ, ಹಿಂದಿನಿಂದ ಮೆಲ್ಲಗೆ ಉಜ್ಜಿದೆ. ಸೋಪಿನ ನೀರು ಬೂದಿ ಬಣ್ಣಕ್ಕೆ ತಿರುಗಿತು. ಉಂಗುರವನ್ನು ಇನ್ನೊಂದು ಬಟ್ಟಲಿಗೆ ಹಾಕಿ, ಕೊಳೆ ನೀರನ್ನು ಚೆಲ್ಲಿ ಬಂದೆ. ಬಂದು ಉಂಗುರ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರೆ, ಕಲ್ಲಿದ್ದ ಜಾಗದಲ್ಲಿ ಎದುರುಮನೆಯ ಗೋಡೆ ಕಾಣಿಸಿತು.

ನಿನ್ನ ಮಾವ ಪೇಪರು ಇಳಿಸಿ, ‘ಏನಾಯ್ತೇ?’ ಎಂದರು. ಉಂಗುರ ತೋರಿಸಿದೆ. ನೀರು ಎಲ್ಲಿ ಚೆಲ್ಲಿದೆ ಎಂದು ಕೇಳಿದರು. ಆ ಗಾಬರಿಯಲ್ಲಿ ನನಗೆ ಎರಡು ನೀರು ಚೆಲ್ಲಿದ್ದು ಮರೆತುಹೋಯಿತು, ಸಿಂಕು ಮಾತ್ರ ಕಣ್ಣಮುಂದೆ ಬಂತು. ‘ಸಿಂಕಿಗೆ’ ಎಂದೆ. ಸರಿ, ಕೇಳಬೇಕಾ! ಆ ಮನುಷ್ಯರ ಮುಖದಲ್ಲಿ ಮಂಗಳವಾರದಿಂದ ಇಲ್ಲದ ಕಳೆ ಬಂತು. ತೋಳು ಮಡಿಚಿ, ಬಕೆಟ್ಟು ತಂದು, ಸಿಂಕಿನ ಕೆಳಗೆ ಅಂಗಾತ ಮಲಗಿದರು. ‘ಯಾರೂ ನಲ್ಲಿ ಮುಟ್ಟಬೇಡಿ’ ಎಂದು ಅಲ್ಲಿಂದಲೇ ಕೂಗಿದರು. ಮನೆಯಲ್ಲಿ ಇರುವುದು ನಾನೊಬ್ಬಳು. ಬಾಗಿದ ಪೈಪನ್ನು ಬಿಚ್ಚಿ ಬಕೆಟ್ಟಿಗೆ ಸುರಿದು, ಕೈಹಾಕಿ ಕಲಸಿದರು. ಒಂದು ಅಂಗಿ ಗುಂಡಿ, ಒಂದು ಪೆನ್ನಿನ ಮುಚ್ಚಳ, ಮತ್ತೆ ಅವರ ಹಳೇ ಕನ್ನಡಕದ ಸ್ಕ್ರೂ ಸಿಕ್ಕಿತು. ಆ ಸ್ಕ್ರೂ ನಾನೇ ಗುಡಿಸಿ ಬಿಸಾಕಿದೆ ಎಂದು ಅವರು ಎಷ್ಟು ದಿನ ಹಾರಾಡಿದ್ದರು! ಇನ್ನೊಂದು ದಿನವಾಗಿದ್ದರೆ ಅಷ್ಟಕ್ಕೇ ಅವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಕಲ್ಲು ಸಿಗಲಿಲ್ಲ. ಮುಂದಿನ ಪೈಪನ್ನೂ ಬಿಚ್ಚಿದರು, ಟಾರ್ಚು ಹಾಕಿ ನೋಡಿದರು. ಹೊರಗೆ ಬಂದು ಗೋಡೆಗೊರಗಿ ಕೂತು, ಕೈಯ ಕೆಸರು ನೋಡುತ್ತ, ‘ಹೋಯ್ತು ಕಣೇ’ ಎಂದರು. ಕಲ್ಲೊಂದರ ಬಗ್ಗೆ ಮಾತ್ರ ಹೇಳಿದ ಮಾತಾಗಿರಲಿಲ್ಲ ಅದು. ನಾನೂ ಅಲ್ಲೇ ನೆಲದ ಮೇಲೆ ಕೂತೆ. ನಿನಗೆ ಏನೆಂದು ಬರೆಯಲಿ? ಒಡವೆ ಬೇಡ ಎಂದವಳಿಗೆ, ಸರಿ, ಕಳೆದೂ ಹಾಕಿದೆವು ಎಂದು ಬರೆಯಲೇ? ನೀನು ಅದನ್ನು ಓದಿ ಸುಮ್ಮನೆ ಮಡಿಚಿಡುತ್ತೀಯ, ಒಂದು ಮಾತೂ ಆಡುವುದಿಲ್ಲ. ಹಾಗೇ ಎಲ್ಲ ಮುಗಿದುಹೋಗುತ್ತದೆ ಎಂದು ಭಯವಾಯಿತು.

ಹಾಗೆ ಕೂತಿದ್ದವಳಿಗೆ ಬಾಲ್ಕನಿಯ ಬಾಗಿಲಾಚೆ ನಿನ್ನ ಗುಲಾಬಿ ಕುಂಡ ಕಾಣಿಸಿತು. ಮಣ್ಣಿನ ಮೇಲೆ ಸೋಪಿನ ನೊರೆ ಇನ್ನೂ ಗುಳ್ಳೆಗುಳ್ಳೆಯಾಗಿ ಕೂತಿತ್ತು. ಮಗೂ, ನಿನಗೆ ನೆನಪಿದೆಯೇ, ನೀನು ಈ ಮನೆಗೆ ಬಂದ ಹೊಸದರಲ್ಲಿ ನಾನು ಒಡವೆ ತೊಳೆದ ನೀರನ್ನು ಸಿಂಕಿಗೆ ಸುರಿಯಹೋದರೆ ಓಡಿಬಂದು ಬಟ್ಟಲು ಕಸಿದುಕೊಂಡಿದ್ದೆ: ‘ಅತ್ತೆ ಅತ್ತೆ, ಚೆಲ್ಲಬೇಡಿ, ನನ್ನ ಗಿಡಕ್ಕೆ ಹೇನು ಬಿದ್ದಿದೆ, ಈ ಸೋಪಿನ ನೀರು ಹಾಕಿದ್ರೆ ಹೋಗುತ್ತೆ.’ ಅಂದಿನಿಂದ ಒಡವೆಯ ಸೋಪಿನ ನೀರೆಲ್ಲ ಆ ಗಿಡಕ್ಕೇ. ನೀನು ಹೋದ ಮೇಲೂ ನನ್ನದೊಂದು ಬಳೆ ತೊಳೆದರೂ ಕಾಲು ತಾನಾಗಿ ಬಾಲ್ಕನಿಗೆ ನಡೆಯುತ್ತದೆ. ಆವತ್ತೂ ನಡೆದಿತ್ತು! ಸೋಡಾ ನೀರು ಸಿಂಕಿಗೆ, ಸೋಪಿನ ನೀರು ಗುಲಾಬಿಗೆ. ‘ಏಳ್ರೀ ಮೇಲೆ’ ಎಂದು ನಾನು ಕೂಗಿದ ರಭಸಕ್ಕೆ ನಿನ್ನ ಮಾವ ಎದ್ದವರೇ ಪಕ್ಕದ ಸಿಂಕಿನ ಅಂಚಿಗೆ ತಲೆ ಹೊಡೆಸಿಕೊಂಡರು.

ಕುಂಡವನ್ನೇ ಮಗುಚಿಬಿಡುತ್ತೇನೆ ಎಂದರು. ಗಿಡದ ಮೇಲೆ ಕೈ ಇಟ್ಟರೆ ನೋಡಿ ಎಂದೆ. ಮೊಗ್ಗಿದೆ ಅದರಲ್ಲಿ. ಮೇಲಿನ ಮಣ್ಣನ್ನು ಮಾತ್ರ ಹಿಡಿಹಿಡಿಯಾಗಿ ತೆಗೆದು, ಅದೇ ಬಟ್ಟಲಿಗೆ ಹಾಕಿ, ನೀರು ತುಂಬಿ, ಅಕ್ಕಿ ಗಾಳಿಸುವ ಹಾಗೆ ಗಾಳಿಸಲು ಕೂತೆ. ಬಟ್ಟಲನ್ನು ಓರೆ ಮಾಡಿ ಅಲುಗಿಸಿದರೆ ಹಗುರವಾದದ್ದು ನೀರಿನ ಜೊತೆ ಹೋಗುತ್ತದೆ, ಭಾರದ್ದು ತಳದಲ್ಲಿ ನಿಲ್ಲುತ್ತದೆ. ಮದುವೆಯಾಗಿ ಬಂದಾಗಿನಿಂದ ಕಲ್ಲು ಬೇಡವೆಂದು ಅಕ್ಕಿ ಗಾಳಿಸಿದ ಕೈ ಇದು, ಈಗ ಕಲ್ಲೊಂದೇ ಬೇಕೆಂದು ಮಣ್ಣು ಗಾಳಿಸುತ್ತಿತ್ತು. ನಿನ್ನ ಮಾವ ಮಗ್ಗಿನಲ್ಲಿ ನೀರು ಹೊಯ್ಯುತ್ತ, ‘ನಿಧಾನ ನಿಧಾನ’ ಎಂದು ಒಂದೇ ಸಮನೆ ಅವಸರಪಡಿಸುತ್ತಿದ್ದರು. ಮೇಲಿನ ಮನೆಯ ಟೀಚರಮ್ಮ ಬಟ್ಟೆ ಹರವಲು ಬಂದು ಬಗ್ಗಿ ನೋಡಿ, ‘ಏನಮ್ಮಾ, ಮಣ್ಣು ತೊಳೀತಾ ಇದ್ದೀರಾ?’ ಎಂದು ಕೇಳಿದರು. ‘ಹೂಂ ಕಣಮ್ಮಾ, ತುಂಬಾ ಕೊಳೆಯಾಗಿತ್ತು’ ಎಂದೆ. ಆಕೆ ಮತ್ತೇನೂ ಕೇಳದೆ ಒಳಗೆ ಹೋದರು. ನಮಗೆ ವಯಸ್ಸಾಯಿತು ಎಂದುಕೊಂಡಿರಬೇಕು.

ಬಟ್ಟಲುಗಟ್ಟಲೆ ಮಣ್ಣು ಹೋಯಿತು. ಬೇರಿನ ಚೂರು, ಮರಳು, ಒಂದು ಎರೆಹುಳ. ಅದಕ್ಕೂ ಸ್ನಾನವಾಯಿತು. ಬೆನ್ನು ಬಿಗಿದುಕೊಂಡಿತ್ತು. ಆಮೇಲೆ ಒಂದು ಸಲ ಬಟ್ಟಲು ಓರೆ ಮಾಡಿದಾಗ ಕಪ್ಪು ಮರಳಿನ ನಡುವೆ ಒಂದು ಕಾಳು ಜರುಗಲಿಲ್ಲ. ನೀರು ಹೊಯ್ದರೂ ಜರುಗಲಿಲ್ಲ. ಬೆರಳಲ್ಲಿ ಒತ್ತಿ ಎತ್ತಿ ಸೂರ್ಯನಿಗೆ ಹಿಡಿದೆ. ಕೆಂಪಗೆ, ಅಂಗೈ ಮೇಲೆಲ್ಲ ಕೆಂಪು ಚೆಲ್ಲುವ ಹಾಗೆ! ನಾನು ಆ ಕಲ್ಲನ್ನು ಅಷ್ಟು ಕೆಂಪಗೆ ಎಂದೂ ನೋಡಿರಲಿಲ್ಲ. ಹಿಂದಿನಿಂದ ಬೆಳಕು ಹಾಯಲು ನಾವು ಬಿಟ್ಟಿದ್ದರೆ ತಾನೇ. ನಿನ್ನ ಮಾವ ನನ್ನ ಕೈಯಿಂದ ತೆಗೆದುಕೊಂಡು ನೋಡಿದರು, ಮತ್ತೆ ನನ್ನ ಕೈಗೇ ಇಟ್ಟರು, ಎದ್ದು ಒಳಗೆ ಹೋದರು. ಸ್ಪ್ಯಾನರ್ ಸದ್ದಿಗೆ ಕಿವಿಗೊಟ್ಟು ಕೂತೆ. ಬರಲಿಲ್ಲ. ಇಬ್ಬರಿಗೂ ಚಹಾ ಮಾಡಿಕೊಂಡು ಬಂದರು, ಸಕ್ಕರೆ ಮರೆತು.

ಮಾರನೆಯ ದಿನ ಇಬ್ಬರೂ ಅಕ್ಕಸಾಲಿಗನ ಅಂಗಡಿಗೆ ಹೋದೆವು. ನಮ್ಮ ಹುಡುಗನಿಗೆ ಆ ಉಂಗುರ ಮಾಡಿಕೊಟ್ಟವನೇ, ಅದೇ ಕಿರಿದಾದ ಅಂಗಡಿ, ಗಾಜಿನ ಮೇಲೆ ಅದೇ ಬಿರುಕು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಉಂಗುರವನ್ನು ತಿರುಗಿಸಿ ತಿರುಗಿಸಿ ನೋಡಿದ. ಕಲ್ಲನ್ನು ಹಿಡಿದಿರುವ ಪುಟ್ಟ ಕೊಕ್ಕೆಗಳಿರುತ್ತವಲ್ಲ, ಅವು ಸವೆದು ನೆಲಸಮವಾಗಿವೆಯಂತೆ. ‘ಇವು ಹೋಗಿ ಬಹಳ ದಿನ ಆಗಿದೆ ಅಮ್ಮಾ. ಇಷ್ಟು ದಿನ ಕಲ್ಲನ್ನ ಹಿಡ್ಕೊಂಡಿದ್ದು ಚಿನ್ನ ಅಲ್ಲ, ಕೊಳೆ. ನೀವು ತೊಳೆದಿದ್ದೇ ಒಳ್ಳೇದಾಯ್ತು. ಇಲ್ಲಾಂದ್ರೆ ಯಾವತ್ತೋ ಬಸ್ಸಲ್ಲೋ ರಸ್ತೇಲೋ ಬಿದ್ದುಹೋಗೋದು, ಗೊತ್ತೂ ಆಗ್ತಿರಲಿಲ್ಲ’ ಎಂದ. ಉಂಗುರವೂ ಅಂಗೈ ಕಡೆ ತೆಳ್ಳಗಾಗಿದೆ. ಕೊಕ್ಕೆಗಳನ್ನು ಮತ್ತೆ ಕಟ್ಟಿ ಉಂಗುರವಾಗಿಯೇ ಇಡಬಹುದು, ಇಲ್ಲವೇ ಕರಗಿಸಿ, ಕಲ್ಲಿನ ಸುತ್ತಲೂ ಅಂಚು ಕಟ್ಟಿ ಒಂದು ಪದಕ ಮಾಡಬಹುದು, ಅಂಚು ಕಟ್ಟಿದರೆ ಕಲ್ಲು ಅಲುಗುವುದಿಲ್ಲ ಎಂದ. ಯಾರು ಹಾಕಿಕೊಳ್ಳೋದು ಎಂದು ಕೇಳಿದ. ‘ನಮ್ಮ ಸೊಸೆ, ಆಸ್ಪತ್ರೇಲಿ ನರ್ಸು’ ಎಂದೆ. ‘ಹಾಗಾದ್ರೆ ಉಂಗುರ ಬೇಡ ಬಿಡಿ, ಗ್ಲೌಸು ಹರಿಯುತ್ತೆ’ ಎಂದ. ನಾನೂ ಅದನ್ನೇ ಹೇಳಬೇಕೆಂದಿದ್ದೆ. ಪದಕವೇ ಆಗಲಿ ಎಂದೆ.

ಕರಗಿಸುವುದು ಎಂಬ ಮಾತು ಕೇಳಿ ನಿನ್ನ ಮಾವ ಉಂಗುರವನ್ನು ಕೈಗೆತ್ತಿಕೊಂಡರು. ತಮ್ಮ ಕಿರುಬೆರಳಿಗೆ ಹಾಕಲು ನೋಡಿದರು, ಉಗುರಿನ ಆಚೆ ಹೋಗಲಿಲ್ಲ. ನಮ್ಮ ಹುಡುಗ ಆ ಉಂಗುರ ತಂದ ದಿನವೂ ಅವರು ಹೀಗೇ ಹಾಕಲು ನೋಡಿ ಬೈಸಿಕೊಂಡಿದ್ದರು. ನಾನು ಬೇರೆ ಕಡೆ ನೋಡಿದೆ. ಅಂಗಡಿಯವನೂ ಒಳ್ಳೆಯವನು, ಸುಮ್ಮನೆ ತಕ್ಕಡಿ ಒರೆಸುತ್ತ ನಿಂತ. ನಿನ್ನ ಮಾವ, ‘ಇದನ್ನ ಕರಗಿಸಿದ್ರೆ ಚಿನ್ನ ಎಲ್ಲಾದ್ರೂ ಹೋಗುತ್ತೇನಪ್ಪಾ?’ ಎಂದು ಕೇಳಿದರು. ‘ಎಲ್ಲೂ ಹೋಗಲ್ಲ ಸ್ವಾಮೀ, ಕಲ್ಲಿನ ಸುತ್ತ ಇಲ್ಲೇ ಇರುತ್ತೆ’ ಎಂದ. ‘ಹಾಗಾದ್ರೆ ಸರಿ’ ಎಂದು ಉಂಗುರವನ್ನು ಗಾಜಿನ ಮೇಲಿಟ್ಟರು. ಬಾಗಿಲವರೆಗೆ ಹೋದವರು ತಿರುಗಿ ಬಂದರು. ‘ಅವಳನ್ನ ಕೇಳದೆ ಮಾತ್ರ ಕೈ ಹಾಕಬೇಡ. ಒಡವೆ ಅವಳದು’ ಎಂದರು. ಮಂಗಳವಾರ ನಿನ್ನ ಕಾಗದ ಓದಿದಂದಿನಿಂದ ಆ ವಿಷಯಕ್ಕೆ ಅವರು ಆಡಿದ ಮೊದಲನೆಯ ಮಾತು ಇದು. ನಿನ್ನ ಇರುವೆ ಸಾಲುಗಳಿಗೆ ನಾನು ಪುಟಗಟ್ಟಲೆ ಉತ್ತರ ಬರೆಯುತ್ತಿದ್ದೇನೆ, ಅವರು ಎರಡು ಪದದಲ್ಲಿ ಮುಗಿಸಿದರು ನೋಡು. ಮನೆಗೆ ಬಂದವರೇ ಬಚ್ಚಲ ನಲ್ಲಿಯನ್ನು ತಾವೇ ಸಡಿಲ ಮಾಡಿದರು.

ಆದ್ದರಿಂದ ನಾದಿನಿಗೆ ಕೊಡುವ ಮಾತು ಇಲ್ಲಿಗೆ ಬಿಟ್ಟುಬಿಡು. ಮುತ್ತು, ಬೆಳ್ಳಿ, ಓಲೆ ಮೂರಕ್ಕೂ ಬೇರೆ ಬೇರೆ ಮೆತ್ತನೆಯ ಚೀಲ ಹೊಲಿದಿಟ್ಟಿದ್ದೇನೆ, ಒಂದಕ್ಕೊಂದು ತಾಗಿ ಗೀರು ಬೀಳದ ಹಾಗೆ. ಓಲೆಯ ತಿರುಪಿನ ಸಂದಿಯಲ್ಲಿ ಸೋಪು ಕೂತಿತ್ತು, ಕಡ್ಡಿಗೆ ಹತ್ತಿ ಸುತ್ತಿ ತೆಗೆದೆ. ರಬ್ಬರ್ ಬ್ಯಾಂಡನ್ನು ನಿನ್ನ ಮಾವ ತಮ್ಮ ಮಾತ್ರೆ ಪೊಟ್ಟಣಕ್ಕೆ ಸುತ್ತಿಕೊಂಡಿದ್ದಾರೆ. ನೀನು ಬಂದಾಗ ಇವನ್ನೆಲ್ಲ ತೆಗೆದುಕೊಂಡು ಹೋಗಬೇಕು. ಪೆಟ್ಟಿಗೆಯಲ್ಲಿಟ್ಟರೆ ಮುತ್ತು ಮಂಕಾಗುತ್ತದೆ, ಬೆಳ್ಳಿ ಕಪ್ಪಾಗುತ್ತದೆ. ಹಾಕಿಕೊಂಡು ಓಡಾಡಿದರೆ ಮೈಯ ಬಿಸಿಗೆ ತಾವೇ ಹೊಳೆಯುತ್ತವೆ, ತೊಳೆಯುವ ಕೆಲಸವೂ ಕಡಿಮೆ. ಡ್ಯೂಟಿ ಇಲ್ಲದ ದಿನ ಉದ್ದಜಡೆಯ ಜೊತೆ ಸುಮ್ಮನೆ ಅಂಗಡಿಗೆ ಹೋಗುವಾಗಲಾದರೂ ಹಾಕಿಕೋ. ಗುಲಾಬಿ ಕ್ಷೇಮ. ಮೇಲಿನ ಮಣ್ಣಿಗೆ ಹೊಸ ಗೊಬ್ಬರ ಬಿತ್ತು, ಹೇನೂ ಹೋಯಿತು. ಮೊಗ್ಗು ಇವತ್ತು ತುದಿ ಬಿಟ್ಟಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಗೊಣಗಜ್ಜಿಗೆ ನನ್ನ ನಮಸ್ಕಾರ ಹೇಳು, ಉದ್ದಜಡೆಗೆ ಹಲ್ಲು ಕೀಳಿಸಿಕೊಳ್ಳಲು ಹೇಳು. ನಿನ್ನ ಮಾವ ಆಶೀರ್ವಾದ ಬರೆಯಲು ಹೇಳಿದ್ದಾರೆ, ಎರಡೂ ಕೈಯದು. ಅವರ ಕೈ ಈಗ ಖಾಲಿಯೇ ಇದೆ. ನೂರು ಕಾಲ ನಗುತ್ತ ಬಾಳು ತಾಯಿ.

ಇಂತಿ,
ನಿನ್ನ ಅತ್ತೆ
(ಈಗಲೂ, ಇನ್ನು ಮುಂದೆಯೂ)

ಮರೆತ ಮಾತು: ಕಾಗದ ಮಡಿಚಿ ಲಕೋಟೆಗೆ ಹಾಕಿದವಳು ಮತ್ತೆ ಬಿಚ್ಚಿದ್ದೇನೆ. ನಿಜವಾಗಿ ಮರೆತಿರಲಿಲ್ಲ, ಇಷ್ಟು ಹೊತ್ತು ಧೈರ್ಯ ಮಾಡುತ್ತಿದ್ದೆ. ಉಂಗುರವನ್ನೇ ಸರಿಮಾಡಿಸಬಹುದಿತ್ತಲ್ಲ, ಪದಕ ಯಾಕೆ ಎಂದು ನೀನು ಕೇಳುತ್ತೀಯ. ಗ್ಲೌಸು ಹರಿಯುತ್ತದೆ ಎಂಬುದು ಅರ್ಧ ಕಾರಣ. ಇನ್ನರ್ಧವನ್ನು ಅಂಗಡಿಯಲ್ಲಿ ಹೇಳಲಿಲ್ಲ, ದಾರಿಯಲ್ಲಿ ನಿನ್ನ ಮಾವನಿಗೆ ಹೇಳಿದೆ, ಅವರು ತಲೆಯಾಡಿಸಿದರು. ನಮ್ಮ ಹುಡುಗ ಕೊಟ್ಟದ್ದು ನಿನ್ನ ಕೊರಳಲ್ಲಿರಲಿ. ಬೆರಳು ಖಾಲಿ ಇರಲಿ. ಇನ್ನೊಬ್ಬರು ಏನಾದರೂ ತಂದರೆ ಅದಕ್ಕೆ ಜಾಗ ಬೇಕಲ್ಲ. ಅವರಿಗೆ ನೀನು ಹೂಂ ಅನ್ನು, ಉಹೂಂ ಅನ್ನು, ಅದು ನಿನ್ನ ಇಷ್ಟ. ನಮಗೋಸ್ಕರ ಮಾತ್ರ ಉಹೂಂ ಅನ್ನಬೇಡ. ಈಗ ಕೇಳುತ್ತೇನೆ: ಆಂಬುಲೆನ್ಸಿನವರು ಆರೋಗ್ಯವಾಗಿದ್ದಾರಾ? ಹೊತ್ತುಗೊತ್ತಿಲ್ಲದ ಓಡಾಟ, ಊಟಕ್ಕೆ ಏನು ಮಾಡಿಕೊಳ್ಳುತ್ತಾರೆ? ಚಹಾಕ್ಕೆ ಸಕ್ಕರೆ ಎಷ್ಟು? ನಿನ್ನ ಮಾವ, ‘ಗಾಡಿ ಓಡಿಸೋದು ಸರಿ, ನಲ್ಲಿಗೆ ವಾಷರ್ ಹಾಕೋಕೆ ಬರುತ್ತಾ ಕೇಳು’ ಎನ್ನುತ್ತಿದ್ದಾರೆ. ಬರದಿದ್ದರೆ ಇನ್ನೂ ಒಳ್ಳೆಯದು, ಇವರಿಗೆ ಹೇಳಿಕೊಡಲು ಒಬ್ಬರು ಸಿಕ್ಕಿದ ಹಾಗಾಯಿತು. ಹೂಂ ಅನ್ನುವುದಾದರೆ, ರಜೆ ಸಿಕ್ಕಾಗ ಇಬ್ಬರೂ ಬನ್ನಿ, ನಮ್ಮನೆಗೆ. ಅಲ್ಲಿಯವರೆಗೆ ಕಲ್ಲು ಅಕ್ಕಸಾಲಿಗನ ಬಳಿ ಹತ್ತಿಯಲ್ಲಿ ಮಲಗಿದೆ. ಕರಗಿಸಲೋ ಬೇಡವೋ ಎಂದು ಅವನು ನಿನ್ನ ಮಾತಿಗೆ ಕಾಯುತ್ತಿದ್ದಾನೆ, ನಾವು ಅವನಿಗಿಂತ ಹೆಚ್ಚು. ಒಂದೇ ಸಾಲಾದರೂ ಸಾಕು ಮಗೂ, ದೊಡ್ಡ ಅಕ್ಷರದಲ್ಲಿ, ಬೇಗ ಬರೆ.